ಪಕ್ಕದಿಂದ ತೆಗೆದ ಫೋಟೋ

ಮನೆ, ಮೆಟ್ಟಿಲ ಪಕ್ಕದ ಕೋಣೆ
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಇಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಬಿಸ್ಕೆಟ್ಟಿನಲ್ಲೇ ದಿನ ನೂಕುತ್ತಿದ್ದೀಯೋ? ಪಾಪು ಹಾಲು ಕುಡಿಯುತ್ತಿದ್ದಾಳಾ? ನಿಮ್ಮ ಮನೆಯ ಗಿಡಗಳಿಗೆ ನೀರು ಹಾಕುತ್ತಿದ್ದೇನೆ ಎಂದು ಭಾವನಿಗೆ ಹೇಳು. ಅಮ್ಮ ಚೆನ್ನಾಗಿದ್ದಾಳೆ, ಫೋನು ಬಂದರೆ ಸಾಕು, ಎದೆ ಹಿಡಿದುಕೊಳ್ಳುತ್ತಾಳೆ, ನೋಡಿದರೆ ಅದು ಗ್ಯಾಸಿನವನದ್ದಾಗಿರುತ್ತದೆ.

ನೀನು ಕೇಳಿದ ಫೋಟೋ ಹುಡುಕಿದೆವು. ಪಾಪುವಿನ ತಲೆಬುರುಡೆಯ ಮೂಳೆಗಳು ಹೊತ್ತಿಗೆ ಮುಂಚೆಯೇ ಬೆಸೆದುಕೊಂಡಿವೆ, ಅವನ್ನು ಬಿಡಿಸಿ ಮಿದುಳು ಬೆಳೆಯಲು ಜಾಗ ಮಾಡಬೇಕು, ಮುಖದ ಮೂಳೆಯನ್ನು ದೊಡ್ಡವಳಾದ ಮೇಲೆ ಮುಂದಕ್ಕೆ ತರಬೇಕು ಎಂದು ಡಾಕ್ಟರು ಹೇಳಿದ್ದು ಅರ್ಥವಾಯಿತು. ಇದೇ ತೊಂದರೆ ಇರುವ ಮನೆಯವರ ಚಿಕ್ಕಂದಿನ ಫೋಟೋ, ಅದರಲ್ಲೂ ಪಕ್ಕದಿಂದ ತೆಗೆದದ್ದು, ಯಾಕೆ ಬೇಕೆಂದೂ ಅರ್ಥವಾಯಿತು. ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ನೋಡಲು. ಹಾಗೇ ಬಿಟ್ಟದ್ದು ಎಂದರೆ ನಾನು. ಅಮ್ಮ ಆಲ್ಬಮ್ ತೆಗೆದು, ನಿನ್ನ ಹೆಗಲ ಹಿಂದೆ ನಾನು ಅರ್ಧ ಮರೆಯಾದ ಫೋಟೋ ಆರಿಸಿ, "ಇದ್ರಲ್ಲಿ ಲಕ್ಷಣವಾಗಿ ಕಾಣ್ತೀಯಮ್ಮಾ" ಎಂದಳು. "ಸಂಬಂಧ ಕೇಳೋರಿಗಲ್ಲ ಕಣಮ್ಮ ಕಳಿಸ್ತಿರೋದು" ಎಂದೆ. ನಕ್ಕಳು, ಆಮೇಲೆ ಆಲ್ಬಮ್ ನನ್ನ ಮಡಿಲಿಗಿಟ್ಟು ಒಳಗೆ ಹೋದಳು. "ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡು" ಎಂದು ನನ್ನನ್ನು ಬೆಳೆಸಿದವಳಲ್ಲವೇ.

ನೀನು ಬರೆದ ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಓದಿಕೊಂಡೆ. ನಿನ್ನಲ್ಲೂ ಇದೇ ಇದೆಯಂತೆ, ತೀರಾ ಸ್ವಲ್ಪ. ನಿನ್ನ ಆ ಬಟ್ಟಲುಗಣ್ಣು! ಅದಕ್ಕೂ ನನ್ನ ಉಬ್ಬುಗಣ್ಣಿಗೂ ಒಂದೇ ಬೇರು ಅಕ್ಕಾ. ಬೀದಿಯವರೆಲ್ಲ ನಿನ್ನನ್ನು ನೋಡಿ ಕಣ್ಣೆಂದರೆ ಕಣ್ಣು ಎಂದರು, ನನ್ನನ್ನು ನೋಡಿ ಗೂಬೆ ಎಂದರು. ಕಾವ್ಯದ ಕಮಲಮುಖಿ, ಚಂದ್ರಮುಖಿಯರ ಮೇಲೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಅಂಕ ಗಿಟ್ಟಿಸಿದವಳು ನಾನು. ಬಸ್ಸಿನಲ್ಲಿ ಇವತ್ತಿಗೂ ಕಿಟಕಿಯ ಕಡೆಗೇ ತಿರುಗಿ ಕೂರುತ್ತೇನೆ.

ನಿನ್ನ ಮೇಲಿನ ಹೊಟ್ಟೆಕಿಚ್ಚು ಹಳೆಯದು, ಒಗ್ಗಿಹೋಗಿದೆ. ಈಗ ಹಸುಗೂಸಿನ ಮೇಲೂ ಉರಿಯುತ್ತಿದೆಯಲ್ಲ, ಅದಕ್ಕೆ ನಾಚಿಕೆ. ಅವಳು ಹುಟ್ಟಿದ ದಿನ ನರ್ಸು "ಥೇಟು ಚಿಕ್ಕಮ್ಮನೇ" ಎಂದಾಗ ನೀನು ನನ್ನ ಮುಖ ನೋಡಿ ಅತ್ತುಬಿಟ್ಟೆ. ನಾನೊಬ್ಬಳೇ ಒಳಗೊಳಗೇ ಹಿಗ್ಗಿದ್ದು, ನನ್ನ ಹಾಗೆ ಇನ್ನೊಂದು ಮುಖ ಬಂತೆಂದು. ಅದನ್ನೂ ಈಗ ತಿದ್ದಿಬಿಡುತ್ತಾರೆ. ತಿದ್ದಲಿ. ತಿದ್ದಲೇಬೇಕು. ಆಪರೇಷನ್ ಆದ ಮೇಲೆ ಕಣ್ಣುಗಳು ಊದಿ ಮುಚ್ಚಿಕೊಳ್ಳುತ್ತವಂತೆ, ಹೆದರಬೇಡ. ಮಾತಾಡಿಸುತ್ತಲೇ ಇರು, ನಿನ್ನ ದನಿಯ ಗುರುತು ಅವಳಿಗಿದೆ.

ಹೊಲಿಗೆ ಬೀಳುವ ಮುಂಚೆ ಅವಳ ನೆತ್ತಿಗೆ ನನ್ನದೊಂದು ಮುತ್ತು ಕೊಡು.

ನಿನ್ನ
ಗೂಬೆ

ತಾ.ಕ.: ಚಿಕ್ಕಂದಿನವು ಎರಡು ಇಟ್ಟಿದ್ದೇನೆ, ಎರಡರಲ್ಲೂ ತಲೆ ತಗ್ಗಿಸಿದ್ದೇನೆ. ಪಕ್ಕದಿಂದ ತೆಗೆದದ್ದು ಇಡೀ ಆಲ್ಬಮ್ಮಿನಲ್ಲಿ ಒಂದೂ ಇರಲಿಲ್ಲ. ಅದಕ್ಕೇ ನಿನ್ನೆ ಸ್ಟುಡಿಯೋಗೆ ಹೋಗಿ, ಕೂದಲು ಹಿಂದಕ್ಕೆ ಕಟ್ಟಿ, ಹೊಸದಾಗಿ ತೆಗೆಸಿದೆ. ಡಾಕ್ಟರು ಇದನ್ನು ಕೇಳಿಲ್ಲ, ಗೊತ್ತು, ಆದರೂ ತೋರಿಸು. ಇಪ್ಪತ್ತಮೂರು ವರ್ಷಕ್ಕೆ ಹೊತ್ತು ಮೀರಿತೇ ಎಂದು ಕೇಳು. ಮೀರಿತು ಎಂದರೆ ಏನೂ ಬರೆಯಬೇಡ. ಪಾಪುವಿನ ಸುದ್ದಿಯಷ್ಟೇ ಬರೆ, ನನಗೆ ತಿಳಿಯುತ್ತದೆ.