ಜೌಗಿನ ನಲವತ್ತೊಂದನೇ ಮರ

ಸೋಮವಾರ, ಮಧ್ಯಾಹ್ನ
ಸಮೀಕ್ಷೆಯ ಗುಡಾರ

ಕೋತಿರಾಯರಿಗೆ, ನೆಲದಲ್ಲೇ ಉಳಿದವಳ ನಮಸ್ಕಾರ.

ಏಳು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಸಂಸಾರದ ವಿಷಯವಲ್ಲ, ಕೆಲಸದ ವಿಷಯ. ಹೆದರಿ ಮರ ಹತ್ತಿಬಿಡಬೇಡಿ.

ಮತ್ತೆ ನಮ್ಮ ಜೌಗು ಕಾಡಿಗೇ ಬಂದಿದ್ದೇನೆ. ಕಾಡುಜಾಯಿಕಾಯಿ ಮರಗಳು ಈಗಲೂ ಮೊಣಕಾಲೆತ್ತಿ ನೀರಿನಲ್ಲಿ ಕೂತಿವೆ. ಆ ಮೊಣಕಾಲುಗಳು ಬೇರುಗಳೇ, ಉಸಿರಾಡಲೆಂದು ಮೇಲೆದ್ದಿವೆ ಎಂದು ಹೇಳಿಕೊಟ್ಟವರು ನೀವೇ. ಅವುಗಳ ನಡುವೆ ಕೂತರೆ ನನ್ನ ಉಸಿರೂ ನಿಧಾನವಾಗುತ್ತದೆ. ಹಸಿರು ಬೆಳಕು ನೀರಿಗಿಳಿದು ಅಲ್ಲಾಡುತ್ತದೆ, ಮೇಲೆಲ್ಲೋ ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು. ಎಚ್ಚರವೋ ಕನಸೋ ತಿಳಿಯದೆ ಊಟದ ಹೊತ್ತು ದಾಟಿಹೋಗುತ್ತದೆ.

ನಲವತ್ತೊಂದನೇ ಮರ ನೆನಪಿದೆಯೇ? ಗಂಡ ಮರ ಹತ್ತಿ ಕಂಡದ್ದನ್ನು ಕೂಗುವುದು, ಹೆಂಡತಿ ಕೆಳಗೆ ನಿಂತು ಬರೆದುಕೊಳ್ಳುವುದು, ಹನ್ನೆರಡು ವರ್ಷ ಹೀಗೇ ನಡೆದಿತ್ತು. ಈ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಟ್ಟೂ ಕಾಯಿ ಕಚ್ಚದ ಹೆಣ್ಣಿಗೆ ನಮ್ಮ ಸಮೀಕ್ಷೆಯ ಪುಸ್ತಕದಲ್ಲಿ ಒಂದೇ ಪದ. ಅಂದು ನೀವು ಆ ಮರದ ತುದಿಯಿಂದ, ಬಂಜೆ ಕಣೇ, ಬರ್ಕೋ ಎಂದು ಕೂಗಿದಿರಿ.

ಹಿಂದಿನ ದಿನವಷ್ಟೇ ಡಾಕ್ಟರು ನನಗೆ ಮಕ್ಕಳಾಗುವುದಿಲ್ಲ ಎಂದಿದ್ದರು. ನಿಮಗೆ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಬರೆದುಕೊಂಡೆ, ಪುಸ್ತಕ ಮುಚ್ಚಿದೆ, ಅಕ್ಕನ ಮನೆಗೆ ಹೊರಟುಬಿಟ್ಟೆ. ನೀವು ಎರಡು ಸಲ ಆ ಬಾಗಿಲಿಗೆ ಬಂದು, ನಾನೇನಂದೆ ಹೇಳೇ ಎಂದು ಕೇಳಿದಾಗಲೂ ಹೊರಗೆ ಬರಲಿಲ್ಲ. ಹೇಳಿದರೆ ಕನಿಕರದಿಂದ ನೋಡುತ್ತೀರೆಂಬ ಭಯ. ತಪ್ಪು ನನ್ನದೇ. ನಿಮ್ಮನ್ನು ನೆನೆಯದ ದಿನವಿಲ್ಲ.

ನೋಡಿ, ಸಂಸಾರದ ವಿಷಯಕ್ಕೇ ಬಂದುಬಿಟ್ಟೆ.

ಈಗ ಈ ಕಾಡಿನಲ್ಲಿ ರಸ್ತೆ ಹಾಕುವವರು ಬರುತ್ತಿದ್ದಾರೆ. ಬೀಜ ಕೊಡುವ ಮರವಾದರೆ ಬಿಡುತ್ತಾರೆ, ಪುಸ್ತಕದಲ್ಲಿ ಬಂಜೆ ಎಂದಿದ್ದರೆ ಕಡಿಯುತ್ತಾರೆ. ಆ ಮರದಲ್ಲಿ ಕಾಯಿ ಇರಬಹುದೆಂದು ನನಗೆ ಅನುಮಾನ. ಒಂದು ಕಾಯಿ ತೋರಿಸಿದರೆ ಪುಸ್ತಕ ತಿದ್ದುತ್ತಾರೆ. ಅಷ್ಟೆತ್ತರ ಹತ್ತುವವರು ನಿಮ್ಮನ್ನು ಬಿಟ್ಟರೆ ಇಲ್ಲಿ ಯಾರೂ ಇಲ್ಲ. ಶುಕ್ರವಾರದೊಳಗೆ ಬರಬೇಕು.

ಮರಕ್ಕೆ ಕಾಯಿ ಬಂದರೂ ನನ್ನ ವಿಷಯ ಬದಲಾಗುವುದಿಲ್ಲ. ಅದನ್ನು ತಿಳಿದೇ ಬನ್ನಿ.

ಇಂತಿ, ನೀವೇ ಹೆಸರಿಟ್ಟ
ನೆಲದಮ್ಮ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮೊನ್ನೆಯೇ ಆ ಮರದ ಬುಡದಲ್ಲಿ ಹಕ್ಕಿ ಉದುರಿಸಿದ ಕಾಯಿ ಸಿಕ್ಕಿತು. ಕಚೇರಿಯವರು ನೋಡಿದರು, ಪುಸ್ತಕ ತಿದ್ದಿಯಾಯಿತು. ಮರ ಉಳಿಯಿತು. ನೀವು ಹತ್ತಬೇಕಾದ್ದು ಏನೂ ಇಲ್ಲ. ಸುಮ್ಮನೆ ಬನ್ನಿ.