ಚೌಕಾಬಾರದ ಲೆಕ್ಕಕ್ಕೆ ಸೊನ್ನೆ ಕೊಟ್ಟವರಿಗೆ

ಮಾನ್ಯ ಶೈಕ್ಷಣಿಕ ನಿರ್ದೇಶಕರೇ,

ಎರಡನೇ ತರಗತಿಯ ನನ್ನ ಮಗಳು ಸುರಭಿಯನ್ನು ನೀವು ‘ನಿಧಾನ ಕಲಿಕೆಯ ಗುಂಪಿ’ಗೆ ತಳ್ಳಿದ್ದೀರಿ. ಎಂಟಕ್ಕೆ ನಾಲ್ಕು ಕೂಡಿಸಲು ಅವಳಿಗೆ ಬರುವುದಿಲ್ಲವಂತೆ. ಅವಳಿಗೆ ಬರುತ್ತದೆ. ಕೇಳಲು ಬಾರದವರು ನೀವು. ನಿಮ್ಮ ಕೋಣೆಯಲ್ಲಿ ಕೂತು ಹೇಳಿದ್ದು ನಿಮ್ಮ ಕಿವಿಗೆ ಬೀಳಲಿಲ್ಲ, ಹಾಗಾಗಿ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ಜೂನ್ ತಿಂಗಳಲ್ಲಿ ನಿಮ್ಮ ಜೆ.ಪಿ. ನಗರದ ಶಾಲೆಯಲ್ಲಿ, ಎ.ಸಿ. ಚಳಿಯಲ್ಲಿ ನಮ್ಮನ್ನು ಕೂರಿಸಿ ಉಪದೇಶ ಮಾಡಿದಿರಿ: ಇನ್ನು ಬೆರಳಿಲ್ಲ, ಪೆನ್ಸಿಲ್ಲಿಲ್ಲ, ಎಲ್ಲವೂ ಮನಸ್ಸಿನಲ್ಲೇ. ಮಗು ಮನೆಯಲ್ಲಿ ಆಡುವ ಆಟವನ್ನು ಕಣ್ಣ ಮುಂದೆ ತಂದುಕೊಂಡರೆ ಕೂಡುವುದು ತಾನಾಗಿ ಬರುತ್ತದೆ ಎಂದಿರಿ. ಬನಶಂಕರಿಯ ನಮ್ಮ ಮನೆಯಲ್ಲಿ ಆಡುವ ಆಟ ಚೌಕಾಬಾರ. ನನ್ನ ಅತ್ತೆ ಸೀತಮ್ಮನವರು ಹಾಲ್‌ನ ಟೈಲ್ಸ್ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದರೆ ಸಾಕು, ಮೊಮ್ಮಗಳು ಊಟ ಬಿಟ್ಟು ಓಡಿಬರುತ್ತಾಳೆ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಈ ಎರಡರಲ್ಲಿ ಯಾವುದು ಬಿದ್ದರೂ ಇನ್ನೊಮ್ಮೆ ಹಾಕಬೇಕು. ಒಂದೋ ಎರಡೋ ಮೂರೋ ಬಿದ್ದ ಮೇಲೆಯೇ ಎಲ್ಲ ಕೂಡಿಸಿ ಕಾಯಿ ನಡೆಸುವುದು.

ಮೌಖಿಕ ಪರೀಕ್ಷೆಯ ದಿನ ನಿಮ್ಮ ಶಿಕ್ಷಕಿ, “ಕಣ್ಮುಚ್ಚಿ ಮನೇಲಿ ಆಡೋ ಗೇಮ್ ನೆನಪು ಮಾಡ್ಕೊಳ್ಳಿ” ಎಂದರಂತೆ. ಮಗು ಮಾಡಿಕೊಂಡಿತು. “ಏಯ್ಟ್ ಪ್ಲಸ್ ಫೋರ್?” ಸುರಭಿ ಸುಮ್ಮನೆ. “ಫೋರ್ ಪ್ಲಸ್ ಫೋರ್?” ಆಗಲೂ ಸುಮ್ಮನೆ. “ಏಯ್ಟ್ ಪ್ಲಸ್ ಏಯ್ಟ್?” ಕಣ್ಣು ಮುಚ್ಚಿಕೊಂಡೇ ನಿಂತಿದ್ದಾಳೆ. ತರಗತಿಯೆಲ್ಲ ನಕ್ಕಿತು, ಮೂರಕ್ಕೂ ಸೊನ್ನೆ ಬಿತ್ತು. ಮನೆಗೆ ಬಂದವಳನ್ನು, “ಯಾಕೆ ಕಂದ ಹೇಳ್ಲಿಲ್ಲ?” ಎಂದು ಕೇಳಿದೆ. “ಬಾರ, ಚೌಕ, ಹನ್ನೆರಡಾಗಿತ್ತಮ್ಮ. ಮಿಸ್ ಇನ್ನೊಂದ್ಸಲ ಹಾಕ್ಲೇ ಇಲ್ಲ! ನಾನು ಕಾಯ್ತಾನೇ ಇದ್ದೆ” ಎಂದು ಅತ್ತಳು.

ಇದನ್ನು ಹೇಳಿದಾಗ ನೀವು ಏನೆಂದಿರಿ? “ಕಾನ್ಸೆಪ್ಟ್ ಕ್ಲಿಯರ್ ಇಲ್ಲ ಮೇಡಂ. ಮೊದ್ಲು ಆ ಜೂಜಾಟ ಎಲ್ಲ ಬಿಡ್ಸಿ.” ಜೂಜಾಟವೇ! ಎಪ್ಪತ್ತು ದಾಟಿದ ನನ್ನ ಅತ್ತೆ ನಿಮ್ಮ ಕಣ್ಣಿಗೆ ಜೂಜುಕೋರರೇ? ಆಟ ನೆನಪಿಸಿಕೊಳ್ಳಿ ಎಂದವರು ನೀವೇ ಅಲ್ಲವೇ ಸ್ವಾಮಿ? ಯಾವ ಆಟ ಪುಟ್ಟ ಎಂದು ಒಂದು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಅದೇ ಪರೀಕ್ಷೆಯಲ್ಲಿ, ಕವಡೆಯಲ್ಲಿ ಬೀಳದ ಅಂಕಿ ಕೇಳಿದಾಗ, ಒಂಬತ್ತಕ್ಕೆ ಆರು ಕೂಡಿಸಿ ಥಟ್ಟನೆ ಹದಿನೈದು ಎಂದಿದ್ದಾಳೆ. “ಒಂಬತ್ತಕ್ಕೆ ಒಂದು ಕೊಟ್ರೆ ಹತ್ತು, ಉಳಿದಿದ್ದು ಐದು” ಎಂದು ದಾರಿಯನ್ನೂ ಹೇಳಿದ್ದಾಳೆ. ಇಷ್ಟು ಬಲ್ಲ ಮಗುವಿಗೆ ನಾಲ್ಕಕ್ಕೆ ನಾಲ್ಕು ಕೂಡಿಸಲು ಬಾರದೇ ಎಂಬ ಅನುಮಾನ, ಇಷ್ಟೊಂದು ತರಬೇತಿ ಪಡೆದ ನಿಮ್ಮಲ್ಲಿ ಒಬ್ಬರಿಗಾದರೂ ಬರಬಾರದಿತ್ತೇ? ಬರಲಿಲ್ಲ. ಹಿಂದಿನ ಬೆಂಚು ಖಾಲಿಯಿತ್ತು, ಕೂರಿಸಿದಿರಿ.

ನನಗೆ ಹೊಟ್ಟೆ ಉರಿಯುತ್ತಿರುವುದು ಸೊನ್ನೆಗಲ್ಲ. ಸುರಭಿ ಈಗ ಯಾರು ಏನು ಕೇಳಿದರೂ ನನ್ನ ಮುಖ ನೋಡುತ್ತಾಳೆ. ಮೊನ್ನೆ ಮಡಿವಾಳ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಅಕ್ಕ ಪ್ರೀತಿಯಿಂದ, “ಎಷ್ಟನೇ ಕ್ಲಾಸು ಪುಟ್ಟಿ?” ಎಂದರೆ, ನನ್ನ ಸೆರಗಿನ ಹಿಂದೆ ಸರಿದು, “ನೀನೇ ಹೇಳಮ್ಮ, ನಂಗೆ ತಪ್ಪಾಗುತ್ತೆ” ಎಂದಳು. ಅಲ್ಲೇ ನಿಂತು ಅತ್ತುಬಿಟ್ಟೆ.

ಸೋಮವಾರ ಅವಳು ತನ್ನ ಹಳೆಯ ಜಾಗದಲ್ಲಿ ಕೂತಿರಬೇಕು. ನಿಮ್ಮ ಸುತ್ತೋಲೆ ಬೇಡ, ಕೌನ್ಸೆಲಿಂಗ್ ಅಂತೂ ಬೇಡವೇ ಬೇಡ. ನಕ್ಕ ಮಕ್ಕಳ ಎದುರಿಗೇ ನೀವು ಬಂದು, ಅವಳ ಎತ್ತರಕ್ಕೆ ಬಗ್ಗಿ, “ತಪ್ಪು ನಿಂದಲ್ಲ ಸುರಭಿ, ನಮ್ದು” ಎಂದು ಹೇಳಬೇಕು. ಅಷ್ಟು ಜನರ ಮುಂದೆ ತಪ್ಪಿತಸ್ಥರಾಗಿ ನಿಲ್ಲುವುದು ನಿಮಗೆ ಕಷ್ಟವೆನಿಸಬಹುದು. ಏಳು ವರ್ಷದ ಹುಡುಗಿ ನಿಂತಿದ್ದಳು.

ಇಂತಿ,
“ಹೆದರಬೇಡ, ಹೇಳು” ಎಂದು ಮಗಳಿಗೆ ದಿನವೂ ಹೇಳಿ ಸೋಲುತ್ತಿರುವ
ಬಿಂದುಶ್ರೀ, ಬನಶಂಕರಿ