ಎಡಗಿವಿಗೆ ಕೆಮ್ಮಣ್ಣು

ಗೋಣಿಬೀಡು
21-2-2002, ಗುರುವಾರ

ಪ್ರೀತಿಯ ಕೃತಿಕಾ,

ಸೊಸೆಗೆ ಬರೆಯುವ ಕಾಗದ ‘ಚಿರಂಜೀವಿ ಸೌಭಾಗ್ಯವತಿ’ ಎಂದೇ ಶುರುವಾಗಬೇಕು ಅಂತ ನನ್ನ ಅತ್ತೆ ಹೇಳುತ್ತಿದ್ದರು. ಬರೆಯಲು ಹೋದೆ, ಮನಸ್ಸು ಒಪ್ಪಲಿಲ್ಲ. ಬರೀ ಹೆಸರೇ ಸಾಕು. ಕೈ ಹೇಗಿದೆ ಮಗಳೇ? ಪ್ಲಾಸ್ಟರ್ ಬಿಚ್ಚಿದರಾ? ಬೆರಳು ಮಡಚಲು ಆಗುತ್ತದಾ? ಬಲಗೈ ಬೇರೆ, ಊಟಕ್ಕೆ ಕಷ್ಟವಾಗುತ್ತಿರಬೇಕು. ನಿನ್ನ ಅಮ್ಮ ಕಲಸಿ ತಿನ್ನಿಸಿದರೆ ನಾಚಿಕೆ ಮಾಡಿಕೊಳ್ಳಬೇಡ. ತರೀಕೆರೆಯಲ್ಲಿ ಈಗಲೇ ಸೆಕೆ ಶುರುವಾಗಿರಬಹುದು. ಇಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತಾ ಬಂತು, ಗಿಡ ಹೂ ಬಿಡಲು ಬೇಕಾದ ಮಳೆಗೆ ಕಾಯುತ್ತಿದ್ದೇವೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಫೋನ್ ಮಾಡಬಹುದಿತ್ತು. ಆದರೆ ಅದು ಇರುವುದು ನಡುಮನೆಯಲ್ಲಿ, ಸಂಜೆಯಾದರೆ ನನ್ನ ಮಗರಾಯ ಹಾಲೇಶ ಅದರ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ಎಸ್ಟೇಟಿನ ಟಪಾಲು ಲೆಕ್ಕ ಬರೆಯುವ ರೈಟರ ಕೈಯಿಂದ ಹೋಗುತ್ತದೆ, ಅವರು ಹಾಲೇಶನಿಗೆ ಹೇಳದೆ ಬಿಡುವುದಿಲ್ಲ. ಹಾಗಾಗಿ ಇದನ್ನು ಅಣ್ಣಮ್ಮನ ಕೈಗೆ ಕೊಡುತ್ತಿದ್ದೇನೆ. ಅವಳೇ ಮೂಡಿಗೆರೆಗೆ ಹೋಗಿ ಡಬ್ಬಿಗೆ ಹಾಕುತ್ತಾಳೆ.

ನೀನು ಹೋದ ಮೇಲೆ ಕೇಳಿದವರಿಗೆಲ್ಲ, ಬಚ್ಚಲಲ್ಲಿ ಜಾರಿ ಬಿದ್ದಳು, ತವರಿಗೆ ಕಳಿಸಿದ್ದೇವೆ ಎಂದೆ. ಅಣ್ಣಮ್ಮ ಮಹಿಳಾ ಮಂಡಳಿಯ ಅಧ್ಯಕ್ಷೆಯಲ್ಲವೇ, ಸುಮ್ಮನಿರಲಿಲ್ಲ. “ಬಚ್ಚಲು ಕೈ ತಿರುಚ್ತದಾ ಸರೋಜಕ್ಕ?” ಅಂದಳು. ಕಾಫಿ ರೇಟು ಬಿದ್ದು ಹುಡುಗನಿಗೆ ತಲೆ ಕೆಟ್ಟಿದೆ ಅಂತ ಏನೋ ಹೇಳಿದೆ. ಹೇಳುವಾಗಲೇ ನೆನಪಾಯಿತು, ನಿನ್ನ ಮಾವನವರು ನನಗೆ ಹೊಡೆದದ್ದು ಕಾಫಿಗೆ ಬಂಗಾರದ ಬೆಲೆ ಬಂದಿದ್ದ ವರ್ಷ.

ನೀನು ಶನಿವಾರ ಮಧ್ಯಾಹ್ನ ಮಹಿಳಾ ಮಂಡಳಿಯಲ್ಲಿ ಮಾಡಿಸುತ್ತಿದ್ದ ಚಿತ್ರದ ಕೆಲಸ ನಿನ್ನ ಜೊತೆಗೇ ನಿಂತುಹೋಯಿತು ಅಂದುಕೊಂಡಿದ್ದೆ. ನಿಂತಿಲ್ಲ. ನನಗೆ ಅದರ ಮೇಲೆ ಎಂಥ ತಾತ್ಸಾರವಿತ್ತು ಅಂತ ನಿನಗೆ ಗೊತ್ತು. ಕಸೂತಿ, ಉಪ್ಪಿನಕಾಯಿ ಬಿಟ್ಟು ಇದೆಂಥದು, ಹೆಂಗಸರು ಹಳೇ ಪಂಚೆಯ ಮೇಲೆ ಮಲಗುವುದು, ಇನ್ನೊಬ್ಬಳು ಇದ್ದಿಲಲ್ಲಿ ಮೈಸುತ್ತ ಗೆರೆ ಎಳೆಯುವುದು, ಎದ್ದು ನೋವಿದ್ದ ಕಡೆ ಬಣ್ಣ ತುಂಬುವುದು! ಯಾರೂ ಹೆಸರು ಬರೆಯಬಾರದು, ಅಲ್ಲಿ ಆಡಿದ್ದು ಹೊರಗೆ ಹೋಗಬಾರದು ಎಂದು ನೀನು ಕಟ್ಟು ಮಾಡಿದ್ದೆ. ಆದರೂ ಒಂದು ಮಾತು ಹೊರಗೆ ಹೋಯಿತು. ನಿನ್ನ ಪಂಚೆಯ ತೋಳಿನ ಮೇಲೆ ಐದು ಬೆರಳಿನ ಗುರುತಿದೆ ಅಂತ ಹಾಲೇಶನಿಗೆ ಯಾರೋ ಹೇಳಿದರು. ಬರೆದ ಕೈಯನ್ನೇ ಅವನು ಮುರಿದ.

ನಿನ್ನ ಬಣ್ಣದ ಡಬ್ಬಿಗಳನ್ನು ವಾಪಸ್ ತಾ ಎಂದು ಅವನೇ ನನ್ನನ್ನು ಕಳಿಸಿದ್ದು. ಹೋದರೆ ಮಂಡಳಿಯ ಕೋಣೆ ತುಂಬ ಹೆಂಗಸರು. ಡಬ್ಬಿಗಳು ಖಾಲಿಯಾಗಿ ಮೂಲೆ ಸೇರಿದ್ದವು. ಕೆಮ್ಮಣ್ಣು ಕಲಸಿಕೊಂಡಿದ್ದರು, ಅರಿಶಿನ ಇತ್ತು, ಅಣ್ಣಮ್ಮ ಒಂದು ಪಾತ್ರೆಯಲ್ಲಿ ಕಾಫಿ ಡಿಕಾಕ್ಷನ್ ಇಂಗಿಸುತ್ತಿದ್ದಳು. ನಮ್ಮ ಕೂಲಿ ಲೈನಿನ ಮುತ್ತಮ್ಮ ತನ್ನ ಪಂಚೆಯ ಬೆನ್ನಿಗೆಲ್ಲ ಕಪ್ಪು ಹಚ್ಚಿ ಕೂತಿದ್ದಳು. ಇಪ್ಪತ್ತು ವರ್ಷ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೊತ್ತ ಬೆನ್ನು. ಅದನ್ನು ನೋಡಿದ ಮೇಲೆ ಬೇರೆ ಆಳುಗಳು ಅವಳಿಗೆ ಮೂಟೆ ಎತ್ತಲು ಬಿಡುತ್ತಿಲ್ಲ, ಕಣದಲ್ಲಿ ಕಾಫಿ ಎಳೆದು ಒಣಗಿಸುವ ಕೆಲಸ ಮಾತ್ರ ಬಿಟ್ಟುಕೊಟ್ಟಿದ್ದಾರೆ. ಶನಿವಾರ ಸಿಕ್ಕವರು ಭಾನುವಾರ ಒಬ್ಬರ ಮನೆಗೊಬ್ಬರು ಹೋಗುತ್ತಾರೆ, ಬಾಣಂತಿ ಇದ್ದ ಕಡೆ ನೀರು ಕಾಯಿಸಿ ಕೊಡುತ್ತಾರೆ. ನನ್ನ ಮನೆಗೆ ಮಾತ್ರ ಯಾರೂ ಬಂದಿರಲಿಲ್ಲ. ನಾನು ಬಾಗಿಲು ತೆರೆದಿದ್ದರೆ ತಾನೇ?

“ಬಂದೋರು ನಿಂತ್ಕೊಳಂಗಿಲ್ಲ, ಮಲಗ್ಬೇಕು,” ಅಂತ ಅಣ್ಣಮ್ಮ ಒಂದು ಪಂಚೆ ಹಾಸಿದಳು. ಸಿಟ್ಟು ಬಂತು. ಆದರೆ ಯಾಕೋ ಮಲಗಿದೆ. ಗೆರೆ ಎಳೆಯಲು ಕೂತವಳು ಮುತ್ತಮ್ಮ. ಅಷ್ಟು ವರ್ಷ ನಮ್ಮ ಅಂಗಳ ಗುಡಿಸಿದವಳು, ಒಂದು ದಿನ ನನ್ನನ್ನು ಮುಟ್ಟಿದವಳಲ್ಲ. “ಅಮ್ಮಾರೇ, ಕೈ ಸ್ವಲ್ಪ ಅಗ್ಲ ಮಾಡಿ,” ಅಂದು ತೋಳು ಹಿಡಿದು ಸರಿಸಿದಳು. ಇದ್ದಿಲು ತಲೆಯ ಸುತ್ತ ಬರುವಾಗ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಹಾಗೆ ಯಾರಾದರೂ ನನ್ನ ತಲೆಯ ಹತ್ತಿರ ಮೆಲ್ಲಗೆ ಕೈ ತಂದು ಎಷ್ಟು ಕಾಲವಾಗಿತ್ತೋ. ಎದ್ದು ಕೂತು ಎಡಗಿವಿಯ ಮೇಲೆ ಕೆಮ್ಮಣ್ಣು ಹಚ್ಚಿದೆ.

ನೀನು ಊಟಕ್ಕೆ ಕೂತಾಗ ನನ್ನ ಎಡಕ್ಕೆ ಕೂರುತ್ತಿದ್ದೆ, ಬಾಯಲ್ಲಿ ಅಡಿಕೆ ಇಟ್ಟುಕೊಂಡ ಹಾಗೆ ಮಾತಾಡ್ತೀಯ ಅಂತ ನಾನು ಗದರುತ್ತಿದ್ದೆ. ನಿನ್ನ ಮಾತು ಸರಿಯಾಗಿಯೇ ಇತ್ತು. ಆ ಕಿವಿ ಕೇಳುವುದಿಲ್ಲ. ಊಟ ತಡವಾಯಿತೆಂದು ನಿನ್ನ ಮಾವನವರು ಹೊಡೆದ ಒಂದೇ ಏಟಿಗೆ ಹೋಯಿತು. ಹಾಲೇಶನಿಗೆ ಆಗ ಏಳು ವರ್ಷ, ಸ್ಲೇಟು ಹಿಡಿದು ಬಾಗಿಲಲ್ಲಿ ನಿಂತಿದ್ದ. ಮರುದಿನ ಅವರು ಮಗುವಿನ ಹಾಗೆ ಅತ್ತರು. ಆ ವಾರವೇ ಚಿಕ್ಕಮಗಳೂರಿಂದ ನನಗೊಂದು ಜೊತೆ ಕೆಂಪು ಹರಳಿನ ಓಲೆ ತಂದರು. ಆ ಕಿವಿಗೂ ಸೇರಿಸಿ. ಊರೆಲ್ಲ ಓಲೆ ನೋಡಿ ನನ್ನ ಪುಣ್ಯ ಹೊಗಳಿತು. ಮತ್ತೆ ಹೊಡೆಯಲಿಲ್ಲ ಅನ್ನಬೇಕೆಂದು ಆಸೆ. ಅದು ಸುಳ್ಳಾಗುತ್ತದೆ.

ಹೋದ ಭಾನುವಾರ ಎಲ್ಲ ಪಂಚೆಗಳನ್ನೂ ಅಣ್ಣಮ್ಮನ ಕಣದಲ್ಲಿ ಹಗ್ಗ ಕಟ್ಟಿ ತೂಗುಹಾಕಿದೆವು. ನೋಡಿದವರು ನೋಡಲಿ ಅಂತ. ಗಾಳಿಗೆ ಹೆಂಗಸರೇ ಸಾಲಾಗಿ ನಿಂತು ಅಲ್ಲಾಡಿದ ಹಾಗೆ ಇತ್ತು. ಮಧ್ಯಾಹ್ನಕ್ಕೆ ನಿನ್ನ ಚಿಕ್ಕಮಾವ ಚಂದ್ರಶೇಖರಪ್ಪ ನಾಲ್ಕು ಜನ ಗಂಡಸರನ್ನು ಕಟ್ಟಿಕೊಂಡು ಬಂದರು, ಜೊತೆಗೆ ಹಾಲೇಶ. “ಪೇಟೆಯೋರ ಸ್ತ್ರೀವಾದ ತಂದು ಕಾಫಿ ಕಣದಲ್ಲಿ ಒಣಗಿ ಹಾಕಿದೀರಲ್ಲ, ಮಾನ ಮರ್ಯಾದೆ ಇಲ್ವಾ? ಮೊದ್ಲು ತೆಗೀರಿ,” ಎಂದು ಕೂಗಾಡಿದರು. ಅಣ್ಣಮ್ಮ ಹಗ್ಗದ ಮುಂದೆ ಬಂದು ನಿಂತಳು. “ನೀವೇ ತೆಗೀರಿ ಚಂದ್ರಶೇಖರಪ್ಪನೋರೇ. ಇದು ನಮ್ಮನೆಯೋಳ್ದು ಅಂತ ಹೇಳಿ ತಗೊಂಡ್ ಹೋಗಿ, ಯಾರೂ ಬೇಡ ಅನ್ನಲ್ಲ,” ಅಂದಳು.

ಅಷ್ಟೇ. ಯಾರ ಕೈಯೂ ಮೇಲೇಳಲಿಲ್ಲ. ಹೆಂಡತಿಯ ಪಂಚೆ ಇದು ಅಂದರೆ ಅದರ ಮೇಲಿನ ಕಪ್ಪು ಯಾರ ಕೈಯದ್ದು ಅಂತಲೂ ಹೇಳಬೇಕಲ್ಲ. ಹಾಲೇಶ ಮಾತ್ರ ಸಾಲಿನ ಉದ್ದಕ್ಕೂ ನಡೆದು ನನ್ನದರ ಎದುರು ನಿಂತ. ಆ ಕೆಂಪಿನ ಮೇಲೆ ಬೆರಳಿಟ್ಟು, “ಅಮ್ಮಾ, ಇದು ನಿಂದು,” ಅಂದ. ಹೌದು ಮಗಾ ಅಂದೆ. ಅದನ್ನು ಹಗ್ಗದಿಂದ ಬಿಡಿಸಿ ಮಡಚಿ ಎದೆಗೆ ಒತ್ತಿಕೊಂಡು ಮನೆಗೆ ಬಂದ. ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತ, ನಾನು ತಲೆ ಸವರಿದೆ. ಸವರದೆ ಏನು ಮಾಡಲಿ, ಹೆತ್ತ ಹೊಟ್ಟೆ.

ಆಮೇಲೆ ಎದ್ದು ಮುಖ ತೊಳೆದು ಪಂಚೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. “ಇನ್ಮೇಲೆ ಆ ಕಡೆ ಹೋಗ್ಬೇಡಮ್ಮ, ನಾಲ್ಕ್ ಜನ ನೋಡ್ತಾರೆ,” ಅಂದ. ಅಷ್ಟು ಅತ್ತವನು ನಿನ್ನ ಕೈ ಏನಾಗಿದೆ ಅಂತ ಒಂದು ಮಾತು ಕೇಳಲಿಲ್ಲ. ನನಗೆ ಅವತ್ತಿನಿಂದ ಅನ್ನ ಸೇರುತ್ತಿಲ್ಲ. ಆದರೂ ಬರುವ ಶನಿವಾರ ಮಂಡಳಿಗೆ ಹೋಗುತ್ತೇನೆ. ಬೇರೆ ಪಂಚೆ ಹುಡುಕಿಟ್ಟಿದ್ದೇನೆ.

ನಿನ್ನ ಅಪ್ಪ ಅಮ್ಮನಿಗೆ ನನ್ನ ಶರಣಾರ್ಥಿ. ಮಂಡಳಿಯವರೆಲ್ಲ ನಿನ್ನನ್ನು ಕೇಳಿದ್ದಾರೆ, ಮುತ್ತಮ್ಮ ಎರಡೆರಡು ಸಲ. ನಮ್ಮ ಮನೆದೇವರು ವೀರಭದ್ರ ನಿನ್ನ ಬೆನ್ನಿಗಿರಲಿ. ಹೊಟ್ಟೆ ತುಂಬ ಉಣ್ಣು.

ಇಂತು ನಿನ್ನ ಅತ್ತೆ,
ಸರೋಜಮ್ಮ

ಅಣ್ಣಮ್ಮ ಬಸ್ಸಿಗೆ ಹೊತ್ತಾಯಿತು ಅಂತ ಬಾಗಿಲಲ್ಲಿ ನಿಂತಿದ್ದಾಳೆ, ಲಕೋಟೆ ಅಂಟಿಸುವ ಮೊದಲು ಇದೊಂದು. ಸೋಮವಾರ ಹಾಲೇಶ ಚಿಕ್ಕಪ್ಪನನ್ನು ಕರೆದುಕೊಂಡು ತರೀಕೆರೆಗೆ ಬರುತ್ತಾನೆ. ಸೀರೆ, ಹಣ್ಣು ತರುತ್ತಾನೆ. ನಿನ್ನ ಅಪ್ಪನ ಮುಂದೆ ಅಳುತ್ತಾನೆ. ಅದು ನಾಟಕ ಅಲ್ಲ, ನಿಜವಾಗಿಯೇ ಅಳುತ್ತಾನೆ, ಅದೇ ನನಗೆ ಭಯ. ಅಮ್ಮನೇ ಕರ್ಕೊಂಡು ಬಾ ಅಂದಿದ್ದಾಳೆ ಅನ್ನುತ್ತಾನೆ. ನಾನು ಹೇಳಿಲ್ಲ. ಅವನ ಜೊತೆ ಬರಬೇಡ ಮಗಳೇ. ನಿನ್ನ ಅಪ್ಪನ ಮನಸ್ಸು ಕರಗಿದರೆ ಈ ಕಾಗದ ಓದಿಸು. ಹುಡುಗನನ್ನು ಹೆತ್ತವಳೇ ಕಳಿಸಬೇಡಿ ಅಂತ ಬರೆದಿದ್ದಾಳೆ ಎಂದು ಹೇಳು.